ಬಾಮೈದನಿಗೆ ಸಿಗಬಾರದ ಪೆಟ್ರೋಲು

ಸ್ನೇಹಿತರೇ, ಈ ಕತೆಯನ್ನು ನಿನ್ನೆ ಸಂಜೆ ನಮಗೆ ಹೇಳಿದವರು ಕತ್ರಿಗುಪ್ಪೆಯ ನಮ್ಮ ಪಕ್ಕದ ಮನೆಯ ಶಿವಣ್ಣನವರೇ. ಮಗಳ ನಿಶ್ಚಿತಾರ್ಥಕ್ಕೆ ಹಣ್ಣಿನ ತಟ್ಟೆ ಇಟ್ಟುಕೊಂಡು ಛತ್ರಕ್ಕೆ ಒಬ್ಬರೇ ಹೊರಟಾಗ ಅವರ ಕಾರು ದಾರಿಯಲ್ಲೇ ನಿಂತಿತಂತೆ. ಟ್ಯಾಂಕಿನೊಳಗಿನ ಪಂಪು ಸುಟ್ಟುಹೋಗಿತ್ತು.

"ಪಂಪ್ ಬಿಸಿಯಾಗ್ದೆ ಇರೋಕೆ ಪೆಟ್ರೋಲಲ್ಲಿ ಮುಳುಗಿರ್ಬೇಕು ಸಾರ್. ಯಾವಾಗ್ಲೂ ರಿಸರ್ವಲ್ಲೇ ಓಡಿಸ್ತೀರಾ?" ಎಂದು ಮೆಕ್ಯಾನಿಕ್ ಕೇಳಿದ.

"ಹೂಂ ಕಣಪ್ಪ. ತುಂಬಿಸಿದ್ರೆ ನನ್ ಬಾಮೈದ ಕಾರ್ ಈಸ್ಕೊಂಡ್ ಹೋಗ್ತಾನೆ!"

ಕೊನೆಗೆ ಅವರನ್ನು ಮುಹೂರ್ತಕ್ಕೆ ಮುಟ್ಟಿಸಿದ್ದು ಅದೇ ಬಾಮೈದನ ಸ್ಕೂಟರು. "ಹತ್ತಿ ಭಾವ, ಫುಲ್ ಟ್ಯಾಂಕ್ ಇದೆ" ಎಂದನಂತೆ.

ಬಿದ್ದು ಬಿದ್ದು ನಕ್ಕೆವು. ಇವತ್ತು ಬೆಳಗ್ಗೆ ನೋಡಿದರೆ, ಕತೆ ಕೇಳಿದವರೆಲ್ಲ ಕಾರು ತಂದು ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತಿದ್ದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಾಮೈದಂದಿರು ಎಲ್ಲರ ಮನೆಯಲ್ಲೂ ಇದ್ದಾರೆ.