ಪರಸಪ್ಪನ ಟಂಟಂನ ಗಡ್ಡ

ಪರಸಪ್ಪನ ಟಂಟಂ ಆಟೋದಲ್ಲಿ, ಡ್ರೈವರನ ಮುಂದಿನ ಕನ್ನಡಿಗೆ, ಒಂದು ಗಡ್ಡ ನೇತಾಡುತ್ತಿತ್ತು. ಕ್ರಿಸ್‌ಮಸ್ ತಾತನ ಗಡ್ಡ. ಮೊದಮೊದಲು ಅದು ಬೆಳ್ಳಗಿತ್ತು. ಬೈಲಹೊಂಗಲದಿಂದ ತರಿಸಿದ ಹತ್ತಿಯನ್ನು ಬಟ್ಟೆಗೆ ಅಂಟಿಸಿ ಅದನ್ನು ಮಾಡಿದವಳು ನಾನೇ ಆದ್ದರಿಂದ ಗೊತ್ತು. ಯುಗಾದಿಯ ಹೊತ್ತಿಗೆ ಹಳದಿಯಾಯಿತು. ಮಳೆಗಾಲದಲ್ಲಿ ಯಾವ ಬಣ್ಣಕ್ಕೆ ತಿರುಗಿತೆಂದು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಅದರ ಜೊತೆಗೆ ಕೆಂಪು ಟೊಪ್ಪಿಗೆ, ಮೂಲೆ ಮುರಿದ ಪ್ಲಾಸ್ಟಿಕ್ ನಕ್ಷತ್ರ, ಧೂಳು ಕುಡಿದ ಮಿರಿಮಿರಿ ಮಾಲೆ. ಹಬ್ಬ ಮುಗಿದು ತಿಂಗಳುಗಟ್ಟಲೆ ಕಳೆದರೂ ಒಂದನ್ನೂ ಅವನು ಇಳಿಸಲಿಲ್ಲ.

ನಾನು ಸವದತ್ತಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಎಲ್ಲರಿಗೂ ಕನ್ನಡ ಬಾಯಾರು. ಬೆಳಗ್ಗೆ, ಸಂಜೆ ಪರಸಪ್ಪ ಮಕ್ಕಳ ಜೊತೆ ನನ್ನನ್ನೂ ಹೇರಿಕೊಂಡು ಬರುತ್ತಿದ್ದ. ನಡುವಿನ ಹೊತ್ತಿನಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಭಕ್ತರನ್ನು ಸಾಗಿಸುತ್ತಿದ್ದ. ಎತ್ತರದ ಆಳು, ಗುಡುಗಿನಂಥ ದನಿ. ಗಾಡಿಯ ಗಾಜಿನ ಮೇಲೆ ನೀಲಿ ಬಣ್ಣದ ಬುದ್ಧನ ಚಿತ್ರ. ಮೂಗು ಒರೆಸಿಕೊಳ್ಳಲೂ ಬಾರದ ಎಲ್‌ಕೆಜಿ ಮಕ್ಕಳನ್ನು ಅವನು ಸಾಹೇಬರೆಂದೇ ಕರೆಯುತ್ತಿದ್ದ. "ಸಾಹೇಬ್ರ, ಕೈ ಒಳಗ ತಗೋರಿ. ನಿಮ್ಮ ಕೈ ನಿಮ್ಮದಲ್ಲ, ನಿಮ್ಮ ಅವ್ವಂದು."

ಆ ಗಡ್ಡ ಮಾಡಿದ ಕ್ರಿಸ್‌ಮಸ್ಸಿಗೆ ತಾತನ ವೇಷ ಹಾಕಬೇಕಿದ್ದ ಡ್ರಾಯಿಂಗ್ ಮಾಸ್ತರರು ಜ್ವರ ಬಂದು ಮಲಗಿಬಿಟ್ಟರು. ಗೇಟಿನ ಹತ್ತಿರ ನಿಂತಿದ್ದ ಪರಸಪ್ಪನಿಗೆ ಗಡ್ಡ ಕಟ್ಟಿ ನಾನೇ ಒಳಗೆ ದೂಡಿದೆ. ಟಿವಿಯಲ್ಲಿ ಬರುವ ತಾತನ ಹಾಗೆ ಹೋ ಹೋ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. "ಬರ್ರಿ ಸಾಹೇಬ್ರ, ಈ ಮುದುಕಗ ಭಾಳ ಥಂಡಿ ಆಗೈತಿ, ಬಾಜೂಕ ಕುಂದರ್ರಿ" ಎಂದ. ಅಷ್ಟೇ, ಮಕ್ಕಳು ಮುಗಿಬಿದ್ದರು. ಒಬ್ಬೊಬ್ಬರನ್ನೇ ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಕೇಕಿನ ತುಣುಕು ಇಟ್ಟ. ಖುಷಿಯಲ್ಲಿ ನಾನು ಮೈಕು ಹಿಡಿದು, ಮುಂದಿನ ವರ್ಷವೂ ಪರಸಪ್ಪನೇ ನಮ್ಮ ತಾತ ಎಂದು ಸಾರಿಬಿಟ್ಟೆ. ಅವನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ.

ಆ ದಿನದಿಂದ ನನ್ನ ಗ್ರಹಚಾರ ಶುರುವಾಯಿತು. ಮುಂದಿನ ಸೀಟಿನಲ್ಲಿ ಕೂರುವವಳು ನಾನು. ಗಾಡಿ ತಿರುವಿದಾಗಲೆಲ್ಲ ಆ ಗಡ್ಡ ಬಂದು ನನ್ನ ಕೆನ್ನೆಗೆ ತಾಗುತ್ತಿತ್ತು. ಭಾರತ ಹುಣ್ಣಿಮೆಯ ಸುಮಾರಿಗೆ ಗುಡ್ಡಕ್ಕೆ ಹೊರಟಿದ್ದ ರಾಮದುರ್ಗದ ಕಡೆಯ ಮುದುಕಿಯೊಬ್ಬಳು ಅದನ್ನು ಕಣ್ಣಿಗೊತ್ತಿಕೊಂಡು, ಮೇಲೊಂದಿಷ್ಟು ಭಂಡಾರದ ಅರಿಶಿನ ಹಚ್ಚಿ, "ಯಾವ ಮಠದ ಅಜ್ಜಾರ್ದೋ ಯಪ್ಪಾ?" ಎಂದು ಕೇಳಿದಳಂತೆ. "ನಮ್ಮ ಸಾಲಿ ಅಜ್ಜಾರ್ದು ಬೇ, ವರ್ಷಕ್ಕೊಮ್ಮೆ ಬರತಾರ" ಎಂದು ಇವನೂ ಹೇಳಿದ್ದಾನೆ. ಒಬ್ಬರನ್ನು ನೋಡಿ ಇನ್ನೊಬ್ಬರು ಹಚ್ಚಿದರು. ಭಂಡಾರ, ಕೈಗೆ ಮೆತ್ತಿದ ಎಣ್ಣೆ, ಊದಿನಕಡ್ಡಿಯ ಬೂದಿ ಎಲ್ಲವೂ ಆ ಗಡ್ಡಕ್ಕೇ ಹೋಯಿತು. ಹೋಳಿಯಲ್ಲಿ ಗುಲಾಬಿ ಬಣ್ಣದ ನೀರು ಬಿತ್ತು. ಯುಕೆಜಿಯ ಹುಡುಗಿಯೊಬ್ಬಳು ನನ್ನ ಕಣ್ಣೆದುರೇ ಅದಕ್ಕೆ ಸಿಂಬಳ ಒರೆಸಿದಳು. ಮಳೆ ಹಿಡಿದ ಮೇಲೆ ಹಸಿ ಚೀಲದಂತೆ ನಾರತೊಡಗಿತು. ಥೂ. ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಾನು ಆ ವರ್ಷ ಕಳೆದೆ.

"ಪರಸಪ್ಪ, ಹಬ್ಬ ಮುಗದು ಯಾವ ಕಾಲ ಆತು. ಮುಗದಮ್ಯಾಲ ತೆಗೀಬೇಕ್ರಿ ಇಂಥಾವು. ನೋಡಿದ್ರ ಹೇಸಿಗಿ ಬರತೈತಿ."

"ಮುಂದಿನ ವರ್ಷಾನೂ ನಾನ ಅಲ್ರಿ ಅಜ್ಜ, ಬಾಯಾರ? ಮನ್ಯಾಗ ಇಟ್ರ ಇಲಿ ಕಡೀತಾವು. ಇಲ್ಲಿ ಕಣ್ಣ ಮುಂದ ಇರತೈತಿ."

ಇದೇ ಮಾತು ನಮ್ಮಿಬ್ಬರ ನಡುವೆ ಎಷ್ಟು ಸಲ ನಡೆಯಿತೋ. ಗಾಡಿ ಖಾಲಿಯಿದ್ದಾಗ ಅವನು ಆ ಗಡ್ಡವನ್ನು ಕಟ್ಟಿಕೊಂಡು ಕನ್ನಡಿಯಲ್ಲಿ ನೋಡಿಕೊಳ್ಳುವುದನ್ನೂ ಕಂಡಿದ್ದೇನೆ.

ಡಿಸೆಂಬರ್ ಬಂತು. ನಾನು ಹೊಸ ಹತ್ತಿ ತರಿಸಿ ಇನ್ನೊಂದು ಗಡ್ಡ ಮಾಡಿದೆ. ಅಷ್ಟರಲ್ಲಿ ಶಾಲೆಯ ಚೇರ್ಮನ್ನರು ಕರೆಸಿ, ಈ ಸಲ ತಮ್ಮ ತಮ್ಮನೇ ತಾತನಾಗುತ್ತಾನೆ ಎಂದರು.

"ಆ ಡ್ರೈವರನ ದಾಡಿ ನೋಡೀರಿ? ಹೊಲಸು ಅಂದ್ರ ಹೊಲಸು."

"ಖರೇ ಅದ್ರಿ" ಎಂದು ನಾನು ಮನಸಾರೆ ಒಪ್ಪಿ, ಚೀಲದಿಂದ ಹೊಸ ಗಡ್ಡ ತೆಗೆದು ಮೇಜಿನ ಮೇಲಿಟ್ಟೆ. "ಅದಕ್ಕ ಹೊಸಾದು ಮಾಡೇನ್ರಿ. ಹಳೇದು ಒಗಸ್ತೇನಿ."

ಅವರು ಅದನ್ನು ಮುಟ್ಟಲಿಲ್ಲ. "ದಾಡಿ ಬದಲಾದ್ರ ಮನಶ್ಯಾ ಬದಲಾಗತಾನೇನ್ರಿ ಬಾಯಾರ? ಹೋದ ವರ್ಷ ಅವರ ಕೈಲೆ ನಮ್ಮ ಹುಡುಗರ ಬಾಯಾಗ ಕೇಕ್ ಇಡಿಸಿದ್ರಿ. ಮಂದಿ ಮನಿಗೆ ಬಂದು ಕೇಳ್ಯಾರ. ನೀವೂ ನಮ್ಮ ಪೈಕಿನ ಅದೀರಿ, ಬಿಡಿಸಿ ಹೇಳಬೇಕೇನು?"

"ದಿನಾ ಅವನ ಗಾಡ್ಯಾಗನ ಹುಡುಗ್ರು ಬರತಾವಲ್ರಿ?"

"ಗಾಡಿ ಬ್ಯಾರೆ, ಬಾಯಿ ಬ್ಯಾರೆ" ಎಂದರು, ಕರ್ಚೀಫಿನಿಂದ ಕನ್ನಡಕ ಒರೆಸಿಕೊಳ್ಳುತ್ತ.

ಇಡೀ ವರ್ಷ ಆ ಗಡ್ಡದ ಮೇಲೆ ಕಾರಿದ ಹೇಸಿಗೆಯೆಲ್ಲ ದಂಡವಾಯಿತು ಎನಿಸಿತು. ಹೇಸಬೇಕಾದದ್ದು ಇಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅತ್ತರು ಪೂಸಿಕೊಂಡು ಕೂತಿತ್ತು. ಮೇಜಿನ ಮೇಲಿದ್ದ ಹೊಸ ಗಡ್ಡವನ್ನು ಚೀಲಕ್ಕೆ ತುರುಕಿಕೊಂಡು ಎದ್ದೆ. ಹೊರಗೆ ಬಂದರೆ ಬಾಗಿಲ ಪಕ್ಕದಲ್ಲಿ ಪರಸಪ್ಪ. ವೇಷಕ್ಕೆ ಎಷ್ಟೊತ್ತಿಗೆ ಬರಬೇಕೆಂದು ಕೇಳಲು ಬಂದಿದ್ದವನು. ಚೇರ್ಮನ್ನರೇನೂ ದನಿ ತಗ್ಗಿಸಿ ಮಾತಾಡಿರಲಿಲ್ಲ. ಅವನು ನನ್ನ ಚೀಲದಿಂದ ಇಣುಕುತ್ತಿದ್ದ ಬಿಳಿ ಹತ್ತಿಯನ್ನು ಒಮ್ಮೆ ನೋಡಿ, ಗಾಡಿಯ ಕಡೆ ನಡೆದ.

ಕಾರ್ಯಕ್ರಮದ ದಿನ ಬೆಳಗ್ಗೆ ಟಂಟಂ ಬಂದಾಗ ನನಗೆ ಗುರುತೇ ಹತ್ತಲಿಲ್ಲ. ಒಳಗೆ ಹೊರಗೆ ತೊಳೆದಿದ್ದ. ಕನ್ನಡಿ ಬೋಳಾಗಿತ್ತು. ಮಾಲೆಯಿಲ್ಲ, ನಕ್ಷತ್ರವಿಲ್ಲ. "ಅಜ್ಜಾರ ಎಲ್ಲಿ?" ಎಂದು ಮಕ್ಕಳು ದಾರಿಯುದ್ದಕ್ಕೂ ಪೀಡಿಸಿದರು. "ಊರಿಗೆ ಹೋದ್ರು ಸಾಹೇಬ್ರ" ಎಂದು ಅವನು ಗೇರು ಬದಲಿಸಿದ.

ಅದೇ ಅವನ ಕೊನೆಯ ಶಾಲೆ ಟ್ರಿಪ್ಪು. ಈಗ ಗುಡ್ಡಕ್ಕೆ ಮಾತ್ರ ಹೊಡೆಯುತ್ತಾನಂತೆ. ಗೇಟಿನ ಹತ್ತಿರ ಮಕ್ಕಳೆಲ್ಲ ಇಳಿದ ಮೇಲೂ ನಾನು ಸೀಟಿನಲ್ಲೇ ಕೂತಿದ್ದೆ. ಒಳಗೆ ಸ್ಪೀಕರಿನಲ್ಲಿ ಹಾಡು ಆಗತಾನೇ ಶುರುವಾಗಿತ್ತು. ಚೇರ್ಮನ್ನರ ತಮ್ಮ ಅಂಗಡಿಯಿಂದ ತಂದ ಕೆಂಪು ಸೂಟು ತೊಟ್ಟು ವೇದಿಕೆ ಹತ್ತುತ್ತಿದ್ದ.

"ಎಲ್ಲಾ ಯಾಕ ತೆಗದ್ರಿ ಪರಸಪ್ಪ?" ಎಂದೆ.

"ನೀವ ಹೇಳತಿದ್ರಲ್ರಿ ಬಾಯಾರ, ಹಬ್ಬ ಮುಗದಮ್ಯಾಲ ತೆಗೀಬೇಕಂತ. ಇಳೀರಿ, ಒಳಗ ನಿಮ್ಮ ದಾರಿ ಕಾಯಾಕ್ಹತ್ತಿರತಾರ."