ಕೊಡ ಇಳಿಯುವಷ್ಟು ಬಾಯಿ

ಮೊನ್ನೆ ಬೆಳಿಗ್ಗೆ ನಲ್ಲಿ ತಿರುಗಿಸಿದೊಡನೆ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಚಹಾ ಕೆಟ್ಟಿತು ಎಂದು ಮನೆಯವಳು ಗೊಣಗಿದಳು. ನನಗೆ ಮಾತ್ರ ಬಾವಿಮನೆ ಅಕ್ಕ ನೆನಪಾದರು…

ಎಂಬತ್ತರ ದಶಕದ ಶುರು. ಸಾಗರದ ಅಂಚಿನಲ್ಲಿದ್ದ ನಮ್ಮ ಬಡಾವಣೆಗೆ ಪುರಸಭೆಯ ನೀರು ಇರಲಿಲ್ಲ. ಸೈಟು ಮಾಡಿ ಮಾರಿದವನೇ ಬಾವಿ ತೋಡಿಸಿ, ಪಂಪು ಕೂರಿಸಿ, ಮನೆಮನೆಗೆ ಪೈಪು ಎಳೆಸಿದ್ದ. ಸೈಟುಗಳೆಲ್ಲ ಖರ್ಚಾದ ಮೇಲೆ ಅವನ ಉತ್ಸಾಹವೂ ಖರ್ಚಾಯಿತು. ಪಂಪು ಸುಟ್ಟರೆ ಕೇಳುವವರಿಲ್ಲ. ಕಂಡಕಂಡವರ ಕೈಕಾಲು ಹಿಡಿದು, ಎಲ್ಲವನ್ನೂ ಪುರಸಭೆಯೇ ವಹಿಸಿಕೊಳ್ಳುವಂತೆ ಒಪ್ಪಿಸಿದೆವು. ಅವರ ಷರತ್ತು ಇಷ್ಟೇ: ಬಾವಿ ಪುರಸಭೆಯ ಹೆಸರಿಗಾಗಬೇಕು, ಮೇಲೆ ಕಾಂಕ್ರೀಟು ಮುಚ್ಚಬೇಕು. ಅದೂ ಮಾರ್ಚ್ ಮುಗಿಯುವುದರೊಳಗೆ, ತಪ್ಪಿದರೆ ಮಂಜೂರಾತಿ ರದ್ದು.

ಬಾವಿ ಇದ್ದದ್ದು ಅಕ್ಕ ಕೊಂಡ ಸೈಟಿನ ಹಿತ್ತಲಲ್ಲಿ, ಜಾಗ ಅವರದೇ; ಕೈಯಲ್ಲಿ ಸೇದಲು ರಾಟೆಯೂ ಇತ್ತು. ಸಹಿ ಹಾಕುವುದಿಲ್ಲ ಎಂದುಬಿಟ್ಟರು. ಸಂತೆಯಲ್ಲಿ ಗೋಣಿತಾಟು ಹಾಸಿ ಪಾತ್ರೆ ಮಾರುತ್ತ ಸ್ವಂತ ಅಂಗಡಿಯವರೆಗೆ ಬಂದವನು ನಾನು. ಚೌಕಾಸಿಗೆ ನನ್ನನ್ನೇ ಕಳಿಸಿದರು. ನಿಮಗೂ ಹೇಳುತ್ತೇನೆ, ಯಾರದಾದರೂ ಸಹಿ ಬೇಕಿದ್ದರೆ ಕಾಗದವನ್ನು ಮನೆಯಲ್ಲೇ ಬಿಟ್ಟು ಹೋಗಿ. ನಾನು ಬರಿಗೈಯಲ್ಲಿ ಹೋಗಿ ಅವರ ಜಗಲಿಯಲ್ಲಿ ಕುಳಿತೆ.

"ಎಂತ, ಪಾತ್ರೆ ಸಾಹುಕಾರ್ರು ಬಾವಿ ವ್ಯಾಪಾರಕ್ಕೂ ಇಳಿದ್ರಾ?" ಎಂದರು ಅಕ್ಕ.

"ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು. ಬೇಡ ಅನ್ನೋದು ಯಾಕೆ, ಅಷ್ಟು ಹೇಳಿ ಸಾಕು."

ಅಕ್ಕ ಒಳಗೊಮ್ಮೆ ನೋಡಿ ದನಿ ತಗ್ಗಿಸಿದರು. ತೀರ್ಥಹಳ್ಳಿಗೆ ಕೊಟ್ಟ ಮಗಳು ಹೆರಿಗೆಗೆ ಬಂದಿದ್ದಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. "ಈ ಸಲ ಅವಳು ಬಾಣಂತಿಯಾಗಿ ಇದೇ ಬಾವಿಗೆ ಗಂಗೆಪೂಜೆ ಮಾಡಿ, ಕೈಯಾರೆ ಒಂದು ಕೊಡ ನೀರು ಸೇದ್ಬೇಕು ಅಂತ ಹರಕೆ ಹೇಳ್ಕಂಡಿದೀನಿ ಕಣ್ರೀ. ನಿಮ್ಮ ಕಾಂಕ್ರೀಟಿಗೆ ಕುಂಕುಮ ಹಚ್ಚಲಾ?"

ಇದಕ್ಕೆ ಯಾವ ದರ ಕಟ್ಟಲಿ? ಎದ್ದು ಬಂದೆ.

ಮರುದಿನ ಅಂಗಡಿಯಿಂದ ಒಂದು ತಾಮ್ರದ ಕೊಡ ಹಿಡಿದು ಪುರಸಭೆಯ ಎಂಜಿನಿಯರರ ಮುಂದೆ ಕುಳಿತೆ. ರಿಪೇರಿಗೆ ಇಳಿಯಲು ಹೇಗೂ ಕಾಂಕ್ರೀಟಿನಲ್ಲೊಂದು ಬಾಯಿ ಬಿಡಬೇಕಲ್ಲ, ಅದನ್ನು ರಾಟೆಯ ಕೆಳಗೇ ಬಿಡಿ, ಈ ಕೊಡ ಸಲೀಸಾಗಿ ಇಳಿದರೆ ಸಾಕು ಎಂದೆ.

"ಇದನ್ನ ನಕ್ಷೇಲಿ ಎಂತ ಅಂತ ತೋರಿಸ್ಲಿ ಮಾರಾಯ್ರೆ?" ಎಂದರು ಅವರು.

"ಇನ್ಸ್‌ಪೆಕ್ಷನ್ ಬಾಯಿ ಅಂತ ಬರೀರಿ. ಇನ್ಸ್‌ಪೆಕ್ಷನ್ ಯಾರು ಮಾಡ್ತಾರೆ ಅಂತ ಬರೀಬೇಡಿ."

ನಕ್ಕು ಒಪ್ಪಿದರು. ಅಕ್ಕ ಸಹಿ ಹಾಕಿದರು; ಮುಚ್ಚಳದ ಬೀಗದ ಕೈ ಅವರ ಬಳಿಯೂ ಒಂದು ಉಳಿಯಿತು.

ಹೆರಿಗೆ ಸುಸೂತ್ರವಾಗಿ, ಮಳೆ ಹಿಡಿಯುವ ಮುಂಚೆ ಮಗಳು ಪೂಜೆ ಮಾಡಿ ನಾನು ಕೊಟ್ಟ ಅದೇ ತಾಮ್ರದ ಕೊಡ ಇಳಿಬಿಟ್ಟಳು. ಹಸಿಮೈ, ಒಬ್ಬಳೇ ಎಳೆಯಲಾರಳು. ಅಕ್ಕ ಹಿಂದೆ ನಿಂತು ಹಗ್ಗಕ್ಕೆ ಕೈ ಕೊಟ್ಟರು. ಕೊಡ ಮೇಲೆ ಬಂದಾಗ ಅಕ್ಕನ ಕೆನ್ನೆ ಒದ್ದೆಯಾಗಿತ್ತು… ನಾನು ನೋಡಿದ್ದು ತಿಳಿದು, "ಎಂತ ನೋಡ್ತೀರಿ, ಕೊಡ ಸೋರುತ್ತೆ ನಿಮ್ದು!" ಎಂದು ಗದರಿದರು.

ಆಮೇಲೆ ಬಡಾವಣೆಯ ಬಾಣಂತಿಯರೆಲ್ಲ ಅಲ್ಲಿಗೇ ಬಂದರು. ಯಾರ ಮನೆಯವಳು ಎಂದು ಕೇಳದೆ ಅಕ್ಕ ಬೀಗ ತೆಗೆಯುತ್ತಿದ್ದರು. ಆಮೇಲೆ ನಾನು ಎಷ್ಟೋ ಜನರೊಡನೆ ಚೌಕಾಸಿ ಮಾಡಿದ್ದೇನೆ. ಅಷ್ಟು ಸಣ್ಣದನ್ನು ಅಷ್ಟು ಗಟ್ಟಿಯಾಗಿ ಕೇಳಿದವರು ಇನ್ನೊಬ್ಬರು ಸಿಗಲಿಲ್ಲ.

ಅಕ್ಕ ಈಗಿಲ್ಲ. ಹೊಳೆಯ ನೀರು ಬಂದಮೇಲೆ ಬಾವಿಯನ್ನೂ ಮಣ್ಣು ತುಂಬಿ ಮುಚ್ಚಿದರು. ಈಚೆಗೆ ನಮ್ಮ ಸೊಸೆ ಗಂಗೆಪೂಜೆ ಮಾಡಿದ್ದು ಹಿತ್ತಲಿನ ನಲ್ಲಿಗೆ. ಕುಂಕುಮ ಹಚ್ಚಿ ಬಿಂದಿಗೆ ಇಟ್ಟಳು. ಕ್ಷಣದಲ್ಲಿ ತುಂಬಿತು. ಹಿಂದೆ ನಿಂತು ಕೈ ಕೊಡಲು ಯಾರೂ ಬೇಕಾಗಲಿಲ್ಲ…