ಏಣಿ ಮೇಲೆ ಕೂತ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ತಲೆ ಯಾವಾಗಲೂ ಎಡಕ್ಕೆ ಒಂಚೂರು ವಾಲಿರುತ್ತಿತ್ತು. ಹೊಸಬರು ಕಂಡರೆ ಕತ್ತುನೋವಾ ಅಂತ ಕೇಳುತ್ತಿದ್ದರು. ಎಂಥ ನೋವೂ ಇಲ್ಲ. ಚಿಕ್ಕಂದಿನಿಂದ ಅಟ್ಟದ ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಕತ್ತು ಹಾಗೇ ನಿಂತುಬಿಟ್ಟಿತ್ತು. ನಮ್ಮ ತಿಪಟೂರು, ತುರುವೇಕೆರೆ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಪೂರ್ತಿ ಹಾಗೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅಲ್ಲಿಯವರೆಗೆ ಯಾರೂ ಇಳಿಸುವುದಿಲ್ಲ.

ಅಟ್ಟದ ವಿಷಯದಲ್ಲಿ ವರ್ಷ ತಡೆಯುತ್ತಿದ್ದ ಈ ಹೆಂಗಸಿಗೆ ಮಿಕ್ಕ ಯಾವುದರಲ್ಲೂ ಒಂದು ನಿಮಿಷದ ತಾಳ್ಮೆ ಇರಲಿಲ್ಲ. ಕೂತಿದ್ದನ್ನು ನಾನು ಕಂಡಿದ್ದೇ ಅಪರೂಪ. ನಿಂತೇ ಊಟ, ನಿಂತೇ ಕಾಫಿ. ಅಂಗಡಿಯಿಂದ ಏನು ತಂದರೂ ಮೊದಲು ಕಿವಿ ಹತ್ತಿರ ಹಿಡಿದು ಅಲ್ಲಾಡಿಸೋದು. ಟಾರ್ಚು, ಬಿಸ್ಕತ್ತಿನ ಡಬ್ಬ, ಕುಕ್ಕರಿನ ಪೆಟ್ಟಿಗೆ, ಯಾವುದಾದರೂ ಸರಿ. ಸದ್ದು ಸರಿ ಬರಲಿಲ್ಲವೋ, ಸೆರಗು ಸಿಕ್ಕಿಸಿ ಮುಂದಿನ ಬಸ್ಸಿಗೆ ಹೊರಟಳು ಅಂತಲೇ ಲೆಕ್ಕ. ಜಾರು ಸೋರುವ ಮಿಕ್ಸಿ, ಮೊದಲ ಒಗೆತಕ್ಕೇ ಬಣ್ಣ ಬಿಟ್ಟ ಸೀರೆ, ಕಡ್ಡಿ ಗೀರದೆ ಹತ್ತದ ಗ್ಯಾಸ್ ಒಲೆ, ಇವನ್ನೆಲ್ಲ ಹೊತ್ತುಕೊಂಡು ತಿಪಟೂರಿನ ಅಂಗಡಿಗಳ ಮುಂದೆ ಅವಳು ನಿಂತ ನಿಲುವು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. "ನಿಮ್ಮ ಮೇಲಿನೋರು ಯಾರವ್ರೆ, ಕರೀರಿ" ಅನ್ನುವುದು ಅವಳ ಮೊದಲ ಮಾತು. ನಮಸ್ಕಾರವೂ ಅದೇ.

ನನಗೆ ತುರುವೇಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಅರ್ಜಿ, ಜೆರಾಕ್ಸು, ಮಕ್ಕಳ ರಿಸಲ್ಟು, ಬಂದಿದ್ದೆಲ್ಲ ಮಾಡಿಕೊಡುತ್ತೇನೆ. ದೊಡ್ಡಮ್ಮ ಅಲ್ಲಿಗೆ ಕಾಲಿಟ್ಟದ್ದು ಒಂದು ಕುಕ್ಕರಿನ ಜಗಳದಿಂದ. ಆನ್‌ಲೈನಿನಲ್ಲಿ ತರಿಸಿದ ಕುಕ್ಕರಿಗೆ ವೇಟ್ ಇರಲಿಲ್ಲ. ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ, ಕನ್ನಡಕ್ಕಾಗಿ ಎರಡನ್ನು ಒತ್ತಿ, ದೂರಿಗಾಗಿ ನಾಲ್ಕನ್ನು ಒತ್ತಿ ಅಂತ.

"ನಾನ್ಯಾಕಮ್ಮ ಒತ್ಲಿ? ಕುಕ್ಕರ್ ಕಳ್ಸಿದ್ದು ನೀನು, ಒತ್ತೋದು ನಾನಾ? ಮಾತಾಡು!" ಅಂತ ಆ ರೆಕಾರ್ಡಿಗೇ ಬೈದಳು. ಅದು ಇನ್ನೊಮ್ಮೆ ಎರಡನ್ನು ಒತ್ತಿ ಅಂದಿತು. ಇವಳು ಫೋನನ್ನು ನನ್ನ ಮೇಜಿನ ಮೇಲೆ ಕುಕ್ಕಿ, "ಬರ್ದು ಕಳ್ಸು ಕಣೇ. ಬರ್ದಿದ್ದನ್ನ ಕೇಳುಸ್ಲಿಲ್ಲ ಅನ್ನಂಗಿಲ್ಲ" ಅಂದಳು.

ಹಾಗೆ ಅವಳಿಗೊಂದು ಇಮೇಲ್ ಐಡಿ ಆಯಿತು. ಹೆಸರಿನ ಜಾಗದಲ್ಲಿ ತಮಾಷೆಗೆ ನಾನು 'ದೊಡ್ಡಮ್ಮ' ಅಂತಲೇ ಹಾಕಿದೆ. ಅವಳಿಗೂ ಖುಷಿಯಾಯಿತು. ಅವಳು ನಿಂತು ಹೇಳೋದು, ನಾನು ಕೂತು ಬರೆಯೋದು. ಮೊದಲನೇ ಸಾಲಿನಲ್ಲೇ ನಮಗೆ ಜಗಳ ಹತ್ತಿತು. ನಾನು ರೂಢಿಯಂತೆ 'ದಯವಿಟ್ಟು' ಅಂತ ಶುರು ಮಾಡಿದ್ದೆ.

"ತೆಗಿ ಅದನ್ನ. ಯಾಕೆ ದಯೆ? ನಾವೇನು ಭಿಕ್ಷೆ ಕೇಳ್ತಿದೀವಾ? ವೇಟ್ ಕಳ್ಸಿ ಅಂತ ಹಾಕು."

ಆಮೇಲೆ ಅವಳ ಹೆಸರಿನಿಂದ ಎಷ್ಟೋ ಮೇಲ್ ಹೋದವು. ಒಂದರಲ್ಲೂ ದಯವಿಟ್ಟು ಇಲ್ಲ.

ನನ್ನ ಅಂಗಡಿಗೆ ಬಂದುಹೋಗುವ ಅಭ್ಯಾಸ ಆದಮೇಲೆ ಅವಳಿಗೆ ಇನ್ನೊಂದು ಲೋಕ ಕಂಡಿತು. ಒಬ್ಬರಿಗೆ ಬಹುಮಾನ ಬಂದಿದೆ ಅನ್ನುವ ಮೇಲ್, ಇನ್ನೊಬ್ಬರಿಗೆ ಬ್ಯಾಂಕ್ ಖಾತೆ ಇವತ್ತೇ ಮುಚ್ಚಿಹೋಗುತ್ತೆ ಅನ್ನುವ ಮೇಲ್, ಮತ್ತೊಬ್ಬರಿಗೆ ಎಲ್ಲೋ ಪಾರ್ಸೆಲ್ ಸಿಕ್ಕಿಕೊಂಡಿದೆ ಅಂತ. ಜನ ಅದನ್ನು ಹಿಡಿದುಕೊಂಡು ಬೆವರುತ್ತಾ ಬರುತ್ತಿದ್ದರು. ದೊಡ್ಡಮ್ಮ ಅವರ ಭುಜದ ಮೇಲಿಂದ ಇಣುಕಿ, "ಏನಂತೆ? ಜೋರಾಗೋದು" ಅನ್ನುತ್ತಿದ್ದಳು. ಓದಿದಮೇಲೆ ತಲೆ ವಾಲಿಸಿ, "ಇವನಿಗ್ಯಾಕೆ ಇಷ್ಟು ಅವಸರ?" ಅಂತ ಕೇಳುತ್ತಿದ್ದಳು. ಅಷ್ಟೇ ಅವಳ ಪರೀಕ್ಷೆ. ತಾನು ಮಾತ್ರ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡಾಡುತ್ತಾ ಊರವರ ಅವಸರಕ್ಕೆಲ್ಲ ಅಡ್ಡ ನಿಲ್ಲುತ್ತಿದ್ದಳಲ್ಲ ಅಂತ ನನಗೆ ನಗು.

ಬೀದಿಯಲ್ಲಿ ಯಾರ್ಯಾರಿಗೆ ಮೇಲ್ ಐಡಿ ಇತ್ತೋ ಅವರಿಗೆಲ್ಲ ಎಚ್ಚರಿಕೆ ಕಳಿಸುವ ಕೆಲಸವನ್ನೂ ನನ್ನ ತಲೆಗೆ ಕಟ್ಟಿದಳು. ಒಕ್ಕಣೆ ಅವಳದೇ: "ಹಿಂಗಿಂಗೆ ಒಂದು ಮೇಲ್ ಬತ್ತಾ ಐತೆ. ಯಾರೂ ಒತ್ತಬೇಡಿ. ಯಾರೂ ಕಟ್ಟಬೇಡಿ. ಅನುಮಾನ ಬಂದ್ರೆ ಮೊದ್ಲು ನನ್ನ ಕೇಳಿ." ಹುಡುಗರು ನಗುತ್ತಿದ್ದರು. ನಕ್ಕರೂ ಓದುತ್ತಿದ್ದರು.

ಎದುರುಮನೆ ಅತ್ತೆ ಮಾತ್ರ ಕೇಳಲಿಲ್ಲ.

ಅವರು ನಮ್ಮ ನೆಂಟರೇನಲ್ಲ, ಬಾಯಿ ಮಾತಿಗೆ ಅತ್ತೆ. ಗಂಡ ಅಮ್ಮಸಂದ್ರದ ಕಡೆಯಿಂದ ಸಿಮೆಂಟ್ ಲಾರಿ ಓಡಿಸುತ್ತಿದ್ದರು, ವಾರಗಟ್ಟಲೆ ಮನೆಯಲ್ಲಿ ಇರುತ್ತಿರಲಿಲ್ಲ. ಒಬ್ಬಳೇ ಮಗಳು, ಡಿಗ್ರಿ ಮುಗಿಸಿ ಕಂಡಕಂಡಲ್ಲಿ ಅರ್ಜಿ ಹಾಕುತ್ತಿದ್ದಳು. ಅತ್ತೆಗೂ ದೊಡ್ಡಮ್ಮನಿಗೂ ದಿನ ಬೆಳಗಾದರೆ ಸಾರು, ಪಲ್ಯದ ಬಟ್ಟಲು ಅತ್ತಿಂದಿತ್ತ ಓಡಾಡುತ್ತಿದ್ದವು.

ಒಂದು ದಿನ ಪೇಟೆಯಲ್ಲಿ ಕರೆಂಟ್ ಇರಲಿಲ್ಲ ಅಂತ ಅಂಗಡಿ ಮುಚ್ಚಿ ನಾನು ಮನೆಯಲ್ಲಿದ್ದೆ. ಮಧ್ಯಾಹ್ನದ ಹೊತ್ತು. ಎದುರುಮನೆಯಿಂದ ದಡದಡ ಅಂತ ಸದ್ದು ಬಂತು. ಕಾಯಿ ಅಟ್ಟದಿಂದ ಉರುಳುವ ಸದ್ದು. ದೊಡ್ಡಮ್ಮ ಮೊರ ಹಿಡಿದು ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸಿದಳು.

"ಇವಳ್ಯಾಕೆ ಈಗ ಕಾಯಿ ಇಳುಸ್ತವಳೆ? ಹಾಕಿ ಇನ್ನೂ ಆರು ತಿಂಗ್ಳಾಗಿಲ್ವಲ್ಲ."

ನಮ್ಮ ಕಡೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಅಕಾಲದಲ್ಲಿ ಅಟ್ಟ ಖಾಲಿ ಮಾಡುತ್ತಾರೆ ಅಂದರೆ ಆಸ್ಪತ್ರೆ, ಇಲ್ಲಾ ಸಾವು. ಹಸಿ ಬಿಸಿ ಕಾಯಿ ಅತ್ತ ಎಳನೀರೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ವ್ಯಾಪಾರಿ ಕೇಳಿದ ರೇಟಿಗೆ ಸುರಿದು ಬರಬೇಕು. ದೊಡ್ಡಮ್ಮ ಮೊರವನ್ನು ಅಲ್ಲೇ ಬಿಟ್ಟು ಓಡಿದಳು, ಹಿಂದೆ ನಾನು.

ಬಾಗಿಲಲ್ಲಿ ಟೆಂಪೋ ನಿಂತಿತ್ತು. ಆಳು ಅಟ್ಟದ ಮೇಲಿಂದ ಅಂಗಳಕ್ಕೆ ಕಾಯಿ ಎಸೆಯುತ್ತಿದ್ದ. ಯಾರಿಗೇನಾಯ್ತೇ ಅಂತ ದೊಡ್ಡಮ್ಮ ಕಿರುಚಿದರೆ, ಅತ್ತೆ ಮುಖವೆಲ್ಲ ನಗುವಾಗಿ, ದನಿ ತಗ್ಗಿಸಿ, "ಒಳ್ಳೇ ಸುದ್ದಿ ಕಣಕ್ಕ. ಕೈಗೆ ಬರೋಗಂಟ ಯಾರ್ಗೂ ಹೇಳ್ಬಾರ್ದು ಅಂತಿದ್ದೆ, ದೃಷ್ಟಿ ಆಯ್ತದೆ ಅಂತ. ಮಗಳಿಗೆ ಏರ್‌ಪೋರ್ಟಲ್ಲಿ ಕೆಲ್ಸ ಸಿಕ್ತು" ಅಂದರು.

ಹುಡುಗಿ ಫೋನ್ ತೋರಿಸಿದಳು. ಬಂದಿದ್ದ ಮೇಲ್‌ನಲ್ಲಿ ಮುದ್ರೆ, ಸಹಿ, ವಿಮಾನದ ಚಿತ್ರ, ಎಲ್ಲ ಇತ್ತು. ಕೆಳಗೆ, ಸಂಜೆ ಐದರೊಳಗೆ ಠೇವಣಿ ಕಟ್ಟದಿದ್ದರೆ ಕೆಲಸ ಮುಂದಿನವರಿಗೆ. ಇಂಥ ಠೇವಣಿಯ ಪತ್ರ ನನ್ನ ಅಂಗಡಿಗೆ ಬಂದವರ ಕೈಯಲ್ಲಿ ನೋಡಿದ್ದೆ. ನಾನು ಸಮಾಧಾನವಾಗಿ ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಏಣಿ ಹತ್ತಿ, ನಡು ಮೆಟ್ಟಿಲ ಮೇಲೆ ಕೂತೇಬಿಟ್ಟಳು.

"ಇನ್ನೊಂದು ಕಾಯಿ ಇಳೀಬೇಕಾದ್ರೆ ನನ್ ತಲೆ ಮೇಲೇ ಇಳೀಲಿ."

"ಅಕ್ಕ, ಇಳೀರಿ, ಹೊತ್ತಾಯ್ತದೆ."

"ಆಗ್ಲಿ ಬುಡು. ಇವತ್ತು ಕೊಡೋ ಕೆಲ್ಸನ ನಾಳೆ ಕೊಡಕ್ಕಾಗಲ್ವಾ ಅವ್ನಿಗೆ? ಮಾಗಿ ಕೊಳ್ತೋಯ್ತದಾ?"

ಅತ್ತೆ ಬೇಡಿಕೊಂಡರು, ರೇಗಿದರು, ಕೊನೆಗೆ, "ನಿಮ್ಗೆ ಹೊಟ್ಟೆಕಿಚ್ಚು. ನನ್ ಮಗಳು ಮುಂದೆ ಬರೋದು ನಿಮ್ಗೆ ಬೇಕಾಗಿಲ್ಲ" ಅಂದುಬಿಟ್ಟರು. ದೊಡ್ಡಮ್ಮನ ಮುಖ ಒಂದು ಸಲ ಸಣ್ಣಗಾಯಿತು. ಇಳಿಯಲಿಲ್ಲ. ಅಟ್ಟದ ಮೇಲೆ ಸಿಕ್ಕಿಬಿದ್ದ ಆಳು, "ಅಮ್ಮೋ, ನಾನಾರೂ ಇಳೀಲಾ?" ಅಂದರೆ ಅವನಿಗೂ ಬೈಗುಳ. ಟೆಂಪೋದವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಹೊರಟುಹೋದ. ಅಷ್ಟೊತ್ತಿಗೆ ಅರ್ಧ ಬೀದಿ ಅಂಗಳದಲ್ಲಿ ನೆರೆದಿತ್ತು.

ಐದು ಗಂಟೆ ದಾಟಿತು. ಹುಡುಗಿ ಗೋಡೆಗೊರಗಿ ಅಳುತ್ತಿದ್ದಳು. ಆಗ ಅವಳ ಫೋನ್ ಬಡಿದುಕೊಂಡಿತು. ಸ್ಪೀಕರಿಗೆ ಹಾಕು ಅಂದಳು ದೊಡ್ಡಮ್ಮ. ಆ ಕಡೆಯವನು ಬಲು ನಯವಾಗಿ, ಪರವಾಗಿಲ್ಲ ಮೇಡಂ, ನಾಳೆವರೆಗೂ ಟೈಮ್ ಕೊಡ್ತೀವಿ, ಈಗ ಅರ್ಧ ಕಟ್ಟಿದರೆ ಸಾಕು ಅಂದ.

ದೊಡ್ಡಮ್ಮ ಏಣಿ ಮೇಲಿಂದ ಕೈ ಚಾಚಿ ಫೋನ್ ಇಸಕೊಂಡಳು. "ಕಾಲುಭಾಗ ಮಾಡ್ಕೊಳಪ್ಪ, ಬಡವ್ರು."

ಅವನು ಒಂಚೂರು ಗೊಣಗಿ, ಆಗಲಿ ಅಂದ.

"ಅದ್ರಲ್ಲೂ ಒಸಿ ಬುಡು."

ಅದಕ್ಕೂ ಹೂಂ ಅಂದ. ಅಂಗಳದಲ್ಲಿ ಯಾರೋ ಕಿಸಕ್ಕೆಂದರು.

"ದುಡ್ಡಿಲ್ಲ ಕಣಪ್ಪ, ಅಟ್ಟದಲ್ಲಿ ಕಾಯೈತೆ. ಕೊಬ್ಬರಿ ಆಗ್ಲಿ, ಬಂದು ತುಂಬ್ಕೊಂಡೋಗು. ಇನ್ನಾರ್ ತಿಂಗ್ಳು ಇರು."

ಫೋನ್ ಕಟ್ಟಾಯಿತು. ದೊಡ್ಡಮ್ಮ ಜನರ ಕಡೆ ತಿರುಗಿ, "ಏರ್‌ಪೋರ್ಟ್ ಕೆಲ್ಸಕ್ಕೆ ಸಂತೇಲಿ ಸೊಪ್ಪು ಕೊಟ್ಟಂಗೆ ಚೌಕಾಸಿ ಮಾಡ್ತನಲ್ರೋ!" ಅಂದಳು. ಇಡೀ ಅಂಗಳ ಗೊಳ್ಳೆಂದಿತು. ಹುಡುಗಿ ಒಳಗೆ ಓಡಿ ಬಾಗಿಲು ಹಾಕಿಕೊಂಡಳು.

ಎದುರುಮನೆ ಅತ್ತೆ ಮಾತ್ರ ನಗಲಿಲ್ಲ. ಜನ ಚದುರಿದ ಮೇಲೆ ದೊಡ್ಡಮ್ಮನ ಮುಂದೆ ನಿಂತು, "ಪಕ್ಕಕ್ಕೆ ಕರ್ದು ಹೇಳಿದ್ರೆ ಆಯ್ತಿರ್ಲಿಲ್ವಾ? ನನ್ ಮಗಳ ಮರ್ವಾದೆನ ಬೀದೀಲಿ ಅಲ್ಲಾಡ್ಸಿ ನೋಡಿದ್ರಲ್ಲ" ಅಂದರು. ಆ ಮಾತು ನನಗೆ ಈಗಲೂ ಚುಚ್ಚುತ್ತದೆ, ಯಾಕಂದರೆ ಅದೂ ನಿಜ. ದೊಡ್ಡಮ್ಮನಿಗೆ ಜನರನ್ನು ಉಳಿಸೋದು ಗೊತ್ತಿತ್ತು, ಮೆಲ್ಲಗೆ ಉಳಿಸೋದು ಗೊತ್ತಿರಲಿಲ್ಲ.

ಅವತ್ತಿಂದ ಮಾತು ನಿಂತಿತು. ದೊಡ್ಡಮ್ಮ ನನ್ನ ಕೈಲಿ ಹುರುಳಿ ಸಾರು ಕೊಟ್ಟು ಕಳಿಸಿದಳು. ಮಾರನೇ ದಿನ ಬಟ್ಟಲು ವಾಪಸ್ ಬಂತು, ತೊಳೆದು, ಖಾಲಿ. ನಮ್ಮಲ್ಲಿ ಯಾರೂ ಬಟ್ಟಲನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನಿಲ್ಲದಿದ್ದರೂ ಒಂದು ಚಿಟಿಕೆ ಸಕ್ಕರೆ ಹಾಕುತ್ತಾರೆ. ದೊಡ್ಡಮ್ಮ ಆ ಬಟ್ಟಲನ್ನು ಕೈಯಲ್ಲಿ ಹಿಡಿದು ಅಂಗಳದ ಉದ್ದಕ್ಕೂ ಓಡಾಡಿದಳು. "ಸಿಟ್ಟಿರ್ಲಿ ಬುಡು. ಕಾಯಿ ಮೇಲೈತಲ್ಲ, ಅಷ್ಟು ಸಾಕು" ಅಂದಳು. ಸಾಕಾಗಿರಲಿಲ್ಲ ಅವಳಿಗೆ. ನೆಪ ಮಾಡಿಕೊಂಡು ದಿನಾ ಗೇಟಿನ ತನಕ ಹೋಗಿ ಎದುರುಮನೆ ಕಡೆ ನೋಡಿ ಬರುತ್ತಿದ್ದಳು. ಅಲ್ಲಿ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ನಾನೇ ಹೋಗಿ ಮಾತಾಡಲಾ ಅಂದರೆ, "ಬ್ಯಾಡ. ಕಾಯಿ ಇಳ್ಸಿದಾಗ ಅವಳೇ ಬತ್ತಾಳೆ" ಅನ್ನುತ್ತಿದ್ದಳು.

ಕಾಯಿ ಇಳಿಯುವಷ್ಟು ದಿನ ಅವಳೇ ಉಳಿಯಲಿಲ್ಲ. ತಿಪಟೂರಿನಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ ವಾಪಸ್ ಮಾಡಿ, ಗೆದ್ದು, ಹೊಸದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದವಳು ಜಗಲಿ ಮೇಲೆ ಕೂತು ನೀರು ಕೇಳಿದಳು. ಅವಳು ಕೂತಿದ್ದು ನೋಡಿಯೇ ನನಗೆ ಗಾಬರಿಯಾಯಿತು. ನೀರು ತರುವಷ್ಟರಲ್ಲಿ ಜೀವ ಹೋಗಿಬಿಟ್ಟಿತ್ತು. ಎದುರುಮನೆ ಅತ್ತೆ ಬಂದರು, ಗೇಟಿನ ಹತ್ತಿರ ಸೆರಗು ಬಾಯಿಗೆ ಒತ್ತಿ ನಿಂತರು. ಒಳಗೆ ಬರಲಿಲ್ಲ, ನಾವು ಕರೆಯುವ ಸ್ಥಿತಿಯಲ್ಲೂ ಇರಲಿಲ್ಲ.

ಕಾಲ ಬಂತು, ಎದುರುಮನೆಯ ಅಟ್ಟದಿಂದ ಕಾಯಿ ಇಳಿಯಿತು. ಈ ಸಲ ಸದ್ದು ಬೇರೆ. ಒಂದೊಂದು ಕಾಯಿಯೂ ಒಳಗೇ ಗುಡುಗುಡು ಅನ್ನುತ್ತಾ ಉರುಳಿತು. ನಾನು ಕಿವಿ ಮುಚ್ಚಿಕೊಂಡು ಅಂಗಡಿಗೆ ಹೋದೆ.

ಅದೇ ವಾರ ಅತ್ತೆ ಮಗಳನ್ನು ಕರೆದುಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಹುಡುಗಿ ಈಗ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಫೋನನ್ನು ನನ್ನ ಮುಂದೆ ಹಿಡಿದಳು. ಮೇಲ್ ಬಂದಿತ್ತು. ಕಳಿಸಿದವರ ಜಾಗದಲ್ಲಿ 'ದೊಡ್ಡಮ್ಮ'.

"ನಾನು ಆಸ್ಪತ್ರೆಯಲ್ಲಿ ಇದ್ದೇನೆ. ದಯವಿಟ್ಟು ತುರ್ತಾಗಿ ಹಣ ಕಳುಹಿಸಿ ಸಹಾಯ ಮಾಡಿ."

ಯಾವನೋ ಅವಳ ಅಕೌಂಟಿಗೆ ನುಗ್ಗಿ ಬೀದಿಗೆಲ್ಲ ಕಳಿಸಿದ್ದ. ನನಗೆ ರಕ್ತ ಕುದಿಯಿತು. ಸತ್ತವಳನ್ನೂ ಬಿಡಲ್ವಲ್ಲ ಈ ಹಾಳಾದವರು!

"ಸುಳ್ಳು ಅಂತ ಗೊತ್ತು ಕಣವ್ವ" ಅಂದರು ಅತ್ತೆ. "ಅಕ್ಕ ದಯವಿಟ್ಟು ಅಂದದ್ದನ್ನ ಯಾರು ಕೇಳವ್ರೆ? ಆದ್ರೂ ಹೆಸ್ರು ನೋಡಿ ಉತ್ತರ ಬರ್ಸಾಣ ಅನ್ನುಸ್ತು. ಒತ್ತಬ್ಯಾಡಿ ಅಂತ ಬೈತಾರೆ ಅಂತ ಬುಟ್ಟೆ."

ಅಕೌಂಟ್ ಮಾಡುವಾಗ ನನ್ನ ಫೋನ್ ನಂಬರ್ ಕೊಟ್ಟಿದ್ದು ಒಳ್ಳೆಯದಾಯಿತು. ಒದ್ದಾಡಿ, ಅದನ್ನು ಒತ್ತಿ ಇದನ್ನು ಒತ್ತಿ, ಹೊಕ್ಕಿದ್ದವನನ್ನು ಹೊರಗೆ ಹಾಕಿ ಪಾಸ್‌ವರ್ಡ್ ಬದಲಾಯಿಸಿದೆ. ಆಮೇಲೆ ಅವಳ ಐಡಿಯಿಂದಲೇ ಬೀದಿಗೆಲ್ಲ ಬರೆದೆ. ಹಿಂಗಿಂಗೆ ಒಂದು ಮೇಲ್ ಬಂದೈತೆ. ಯಾರೂ ಒತ್ತಬೇಡಿ. ಯಾರೂ ಕಟ್ಟಬೇಡಿ. ಅನುಮಾನ ಬಂದ್ರೆ ಮೊದ್ಲು... ಅಲ್ಲಿಗೆ ನನ್ನ ಕೈ ನಿಂತಿತು.

"ಎದುರುಮನೇಲಿ ಕೇಳಿ ಅಂತ ಹಾಕು" ಅಂದರು ಅತ್ತೆ.

ಹಾಕಿ ಕಳಿಸಿದೆ. ಪಕ್ಕದಲ್ಲೇ ಹುಡುಗಿಯ ಫೋನ್ ಟಿಣ್ ಅಂತು. ಅತ್ತೆ ಅದನ್ನು ಎರಡೂ ಕೈಯಲ್ಲಿ ತಗೊಂಡು ನೋಡಿದರು.

"ಇದು ನಮ್ಮದೇ ತಾನೆ? ಮೋಸದ್ದಲ್ಲ ತಾನೆ?"

"ನಮ್ಮದೇ ಅತ್ತೆ."

"ಹಂಗಾದ್ರೆ ಇದಕ್ಕೆ ಉತ್ತರ ಬರೀಬೋದಾ?"

ಬರೀಬಹುದು ಅಂತ ತಲೆಯಾಡಿಸಿದೆ. ಅವರು ನಿಂತೇ ಹೇಳಿದರು, ಮಗಳು ಬರೆದಳು. ಮರುಗಳಿಗೆಗೆ ನನ್ನ ಕಂಪ್ಯೂಟರಿನಲ್ಲಿ, ದೊಡ್ಡಮ್ಮನ ಇನ್‌ಬಾಕ್ಸಿನಲ್ಲಿ, ಅವಳ ಕುಕ್ಕರು ಮಿಕ್ಸಿಗಳ ಜಗಳದ ಮೇಲುಗಡೆ ಅದು ಬಂದು ಕೂತಿತು.

"ಅಕ್ಕ, ಕಾಯಿ ಇಳ್ಸಿದ್ವಿ. ಎಲ್ಲಾ ಚೆನ್ನಾಗಿ ಆಗೈತೆ. ನಿಮ್ಮ ಬಟ್ಟಲು ಕಳ್ಸಿ."